ಈಗ ಲಾಯ್ಕ್ ಇತ್ತಲ್ದಾ

ಗಂಜಿಯ ಮೇಲೆ ತೆಳ್ಳಗೆ ಚರ್ಮ ಕಟ್ಟಿದೆ, ಚಮಚದ ತುದಿ ತಾಗಿದರೆ ಸುಕ್ಕಾಗಿ ಒಂದು ಬದಿಗೆ ಸರಿಯುತ್ತದೆ, ಬಿಟ್ಟರೆ ಮತ್ತೆ ಮೆಲ್ಲಗೆ ಹರಡಿಕೊಳ್ಳುತ್ತದೆ, ಜಲಜ ಚಮಚವನ್ನು ಎತ್ತಿ ಬಟ್ಟಲಿನ ಪಕ್ಕಕ್ಕೆ ಇಟ್ಟಳು, ಇದನ್ನು ಬಾಯಿಗೆ ಹಾಕುವುದಾದರೂ ಹೇಗೆ, ತಣಿದ್ರೆ ಉಂಬುಕಾತಿಲ್ಲ ಅತ್ತೆ, ಬೇಗ ಉಣ್ಣಿ ಎಂದು ಸೊಸೆ ಸೌಮ್ಯಶ್ರೀ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿ ಹೋಗಿ ಎಷ್ಟು ಹೊತ್ತಾಯಿತೋ, ಗೇರುಬೀಜದ ಫ್ಯಾಕ್ಟರಿಯ ವ್ಯಾನು ರಸ್ತೆಯಲ್ಲಿ ಹಾರ್ನ್ ಹಾಕಿದ್ದು ಕೇಳಿತ್ತು, ಒಳ್ಳೆಯ ಸೊಸೆ, ಬೀಜಾಡಿಯ ಕೇರಿ ಕೇರಿಯೂ ಹಾಗೇ ಹೇಳುತ್ತದೆ, ಅತ್ತೆಯ ಮೈ ತೊಳೆಯುತ್ತಾಳೆ, ಮದ್ದು ಕೊಡುತ್ತಾಳೆ, ಉಪ್ಪಿಲ್ಲದ ಗಂಜಿ ಬೇರೆ ಇಡುತ್ತಾಳೆ, ಆ ಒಳ್ಳೆಯತನವೂ ಈ ಗಂಜಿಯ ಹಾಗೇ, ಬೆಚ್ಚಗೆ, ಸಪ್ಪೆ, ಗಂಟಲಲ್ಲಿ ಇಳಿಯುವುದಿಲ್ಲ — ಛೀ, ಹಾಗೆಲ್ಲ ಎಣಿಸಬಾರದು, ಆದರೆ ಎಣಿಸದೇ ಇರುವುದು ಹೇಗೆ, ದಿನವಿಡೀ ಕೂತವಳಿಗೆ ಬೇರೆ ಕೆಲಸವೇನಿದೆ. ಮೊದಲು ಇದೇ ಗಂಜಿ, ಕೆಂಪಕ್ಕಿಯ ಬಿಸಿ ಗಂಜಿ, ಪಕ್ಕದಲ್ಲಿ ಒಣ ಚಟ್ಲಿ ಸಿಗಡಿಯನ್ನು ಕೆಂಡದಲ್ಲಿ ಸುಟ್ಟು ಮೆಣಸು ಹುಳಿ ಹಾಕಿ ಅರೆದ ಚಟ್ನಿ, ಎರಡು ಬಟ್ಟಲು ಉಂಡು ತಲೆಗೆ ಸಿಂಬಿ ಇಟ್ಟು ಬುಟ್ಟಿ ಹೊತ್ತರೆ ಮಧ್ಯಾಹ್ನದವರೆಗೆ ಹಸಿವಿನ ಮಾತೇ ಇರಲಿಲ್ಲ, ಈಗ ಆ ಚಟ್ನಿಯನ್ನು ನೆನೆದರೂ ಹೊಟ್ಟೆಯ ಬುಡದಿಂದ ಏನೋ ಮೇಲೆ ತಳ್ಳುತ್ತದೆ, ಬಾಯಲ್ಲಿ ತುಕ್ಕು ಹಿಡಿದ ಮೊಳೆ ಇಟ್ಟುಕೊಂಡ ಹಾಗೆ ಒಂದು ರುಚಿ, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ದಿನದಿಂದ ಅಂಟಿಕೊಂಡದ್ದು, ಹೋಗುತ್ತದೆ ಹೋಗುತ್ತದೆ ಎಂದು ಡಾಕ್ಟರು ಹೇಳಿದರು, ಮಳೆಗಾಲ ಹೋಯಿತು, ಬೋಟುಗಳು ಮತ್ತೆ ಕಡಲಿಗೆ ಇಳಿದವು, ಮಗ ಸುಧೀರನೂ ಬೋಟಿಗೆ ಹೋದ, ರುಚಿ ಹೋಗಲಿಲ್ಲ. ಆಸ್ಪತ್ರೆಯಿಂದ ಬರುವಾಗ ಬ್ರಹ್ಮಾವರ ದಾಟುವವರೆಗೂ ಸರಿಯಾಗಿಯೇ ಇದ್ದಳು, ಹೈವೇ ಅಗಲ ಮಾಡಲು ಅಗೆದು ಹಾಕಿದ ಕೆಂಪು ಧೂಳು, ಕಾರಿನ ಕುಲುಕಾಟ, ಎದೆಗೆ ಅವಚಿಕೊಂಡ ದಿಂಬು, ಎಲ್ಲ ಸಹಿಸಿದ್ದಳು, ಕೋಟೇಶ್ವರದಲ್ಲಿ ಕಾರು ಕಡಲಿನ ಕಡೆ ತಿರುಗಿದ್ದೇ ತಡ ಕಿಟಕಿಯಿಂದ ಒಣಮೀನಿನ ವಾಸನೆ ಒಳಗೆ ಬಂತು, ಹುಟ್ಟಿದಾಗ ಮೂಗಿಗೆ ಬಂದ ಮೊದಲ ವಾಸನೆ ಅದೇ ಇರಬೇಕು, ಮದುವೆಯ ದಿನ ಮುಡಿದ ಮಲ್ಲಿಗೆಯ ಅಡಿಯಲ್ಲೂ ಅದೇ ಇತ್ತು, ಆ ವಾಸನೆಗೆ ಅವಳು ಕಾರಿಕೊಂಡಳು, ದಿಂಬಿನ ಮೇಲೆ, ಸೀಟಿನ ಮೇಲೆ, ಹೊಲಿದ ಎದೆ ಬಿರಿದು ಹೋಗುತ್ತದೇನೋ ಎನ್ನುವ ಹಾಗೆ. ಯಾರಿಗೂ ಹೇಳಲಿಲ್ಲ, ಕಾರಿಗೆ ವಾಂತಿಯಾಯ್ತು ಎಂದುಕೊಂಡರು ಎಲ್ಲರೂ, ಮೀನು ಮಾರುವ ಹೆಂಗಸಿಗೆ ಮೀನು ಹೇಸಿಗೆಯಾಯಿತೆಂದರೆ ಯಾವ ಬಾಯಲ್ಲಿ ಹೇಳುವುದು.

ಜಗಲಿಯಲ್ಲಿ ಗಂಡ ಬಚ್ಚ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಾನೆ, ಮೊಬೈಲನ್ನು ಬಾಯಿಯ ಎದುರು ಹಿಡಿದು, ಕಡಲಿನಲ್ಲಿ ಇನ್ನೊಂದು ದೋಣಿಯವರನ್ನು ಕೂಗಿದ ಹಾಗೆ, ಎದೆ ಎಲುಬ್ ಗರಗಸ ಹಾಕಿ ಎರಡ್ ಸೀಳ್ ಮಾಡ್ರ್ ಅಂಬ್ರ್, ಹಾರ್ಟ್ ನಿಲ್ಸಿ ಮಿಷನ್ನಿಗೆ ಹಾಕ್ರ್, ಕಾಲಿನ್ ನರ ತೆಗ್ದ್ ಎದಿಗ್ ಜೋಡಿಸ್ರ್, ಈಗ ಬಂದ್ ಕಾಣಿ ಹ್ಯಾಂಗ್ ಇತ್ತ್, ಲಾಯ್ಕ್ ಇತ್ತ್. ದೋಣಿಗೆ ಹೊಸ ಮಿಷನ್ ಕೂರಿಸಿದ್ದನ್ನು ಹೇಳುವಾಗಲೂ ಇದೇ ದನಿ, ಆಗಲೂ ಹೀಗೇ ಎದೆ ಉಬ್ಬಿಸಿ ಹೇಳುತ್ತಿದ್ದ, ಬಂದವರಿಗೆಲ್ಲ ಇದೇ ಕಥೆ, ಕೇಳಿ ಮುಗಿದ ಮೇಲೆ ಅವರು ಒಳಗೆ ಬಂದು ಅವಳ ಮುಖವನ್ನಲ್ಲ, ಕುತ್ತಿಗೆಯ ಕೆಳಗೆ ರವಿಕೆಯ ಅಂಚಿನಲ್ಲಿ ಇಣುಕುವ ಗೆರೆಯ ತುದಿಯನ್ನೇ ನೋಡುತ್ತ ಕೇಳುತ್ತಾರೆ, ಈಗ ಲಾಯ್ಕ್ ಇತ್ತಲ್ದಾ ಜಲಜಕ್ಕ, ಎರಡ್ನೇ ಜನ್ಮ ಅಲ್ದಾ, ಅವಳು ಹೌದು ಎನ್ನಬೇಕು, ಲಾಯ್ಕಿದ್ದೆ ಎನ್ನಬೇಕು, ಇಲ್ಲದಿದ್ದರೆ ಆಸ್ಪತ್ರೆಯವರು ಮಾಡಿದ ಉಪಕಾರ, ಗಂಡ ಮಗ ಸೊಸೆ ಮಾಡಿದ ಉಪಕಾರ, ದೇವರು ಮಾಡಿದ ಉಪಕಾರ ಎಲ್ಲ ಮರೆತ ಹಾಗೆ. ಯಾರಿಗೆ ಬೇಕಿತ್ತು ಎರಡನೇ ಜನ್ಮ, ಮೊದಲನೆಯದೇ ಮುಗಿದಿರಲಿಲ್ಲವಲ್ಲ, ಅರ್ಧದಲ್ಲಿ ಇತ್ತಲ್ಲ, ಅಂಜಲ್ ಮೀನಿನ ತುಂಡು ಮಾಡುತ್ತ ಕೈಯಲ್ಲಿ ಕತ್ತಿ ಹಿಡಿದು ಕೂತಲ್ಲಿಗೆ ಇತ್ತಲ್ಲ. ಈ ಜನ್ಮದಲ್ಲಿ ಕಾಲ್ಗಿಣ್ಣಿನಿಂದ ತೊಡೆಯವರೆಗೆ ಒಂದು ಕಪ್ಪು ಹಾದಿ, ಸಂಜೆಯಾದರೆ ಬಾತು ಬೆರಳು ಒತ್ತಿದಲ್ಲಿ ಗುಂಡಿ ನಿಲ್ಲುತ್ತದೆ, ತಿಂಗಳುಗಟ್ಟಲೆ ಅಲ್ಲಿಂದ ನೀರು ಒಸರಿ ಬಿಗಿ ಕಾಲುಚೀಲಕ್ಕೆ ಅಂಟಿ ಹುಳಿ ನಾತ, ಎದೆಯ ನಡುವೆ ಗಂಟುಗಂಟಾಗಿ ಎದ್ದ ನುಣುಪು ಗೆರೆ, ಅದರ ಎರಡೂ ಕಡೆ ಮೊಲೆಗಳ ಭಾರ ಜಗ್ಗುತ್ತದೆ, ಕೂತರೂ ಜಗ್ಗುತ್ತದೆ ಮಲಗಿದರೂ ಜಗ್ಗುತ್ತದೆ, ಇದನ್ನು ಡಾಕ್ಟರು ಹೇಳಿರಲಿಲ್ಲ, ಗಂಡಸರಿಗೆ ಇಲ್ಲದ ಕಷ್ಟ ಅವರಿಗೆ ಹೇಗೆ ಹೊಳೆಯಬೇಕು, ರವಿಕೆಯ ಹುಕ್ಕು ಸರಿಯಾಗಿ ಅದರ ಮೇಲೆಯೇ ಬಂದು ಉಜ್ಜುತ್ತದೆ, ಹುಕ್ಕಿಲ್ಲದೆ ಸೆರಗು ಹೊದ್ದು ಕೂತರೆ ಬಂದವರ ಕಣ್ಣು. ಕಫ ಬಂದರೆ ದಿಂಬು ಅವಚಿಕೊಂಡು ಕೆಮ್ಮಬೇಕು, ಕೆಮ್ಮಿದಾಗ ಒಳಗೆ ತಂತಿ ಹಾಕಿ ಕಟ್ಟಿದ ಎಲುಬು ಕಟಕ್ ಎನ್ನುತ್ತದೆ, ಬಟ್ಟಲಲ್ಲಿ ಬಿದ್ದ ಕಫವನ್ನು ಸೊಸೆ ಮುಖ ಬದಿಗೆ ತಿರುಗಿಸದೆ ಒಯ್ದು ಚೆಲ್ಲುತ್ತಾಳೆ, ಒಮ್ಮೆಯಾದರೂ ಮೂಗು ಮುಚ್ಚಬಾರದೇ ಅವಳು. ಕಾರಣವಿಲ್ಲದೆ ಅಳು ಬರುತ್ತದೆ, ಟೀವಿಯಲ್ಲಿ ಸೋಪಿನ ಜಾಹೀರಾತು ಬಂದರೂ ಅಳು, ಮೂಗು ಸುರಿಸಿಕೊಂಡು ಅಳುವ ಮುದುಕಿ, ಮಾರ್ಕೆಟಿನಲ್ಲಿ ಅವಳ ಬಾಯಿಗೆ ಹೆದರಿ ಗಿರಾಕಿಗಳು ಚೌಕಾಸಿ ಬಿಡುತ್ತಿದ್ದರು. ಮತ್ತೆ ಬಚ್ಚ, ಊರಿಗೆಲ್ಲ ಅವಳ ಎದೆಯ ಕಥೆ ಹೇಳುವ ಬಚ್ಚ, ಆ ಎದೆಯನ್ನು ಒಂದು ಸಲವೂ ನೋಡಿಲ್ಲ, ನಿಂಗೆ ತಾಗುತ್ತ್ ಮಾರಾಯ್ತಿ ಎಂದು ಚಾಪೆಯನ್ನು ಜಗಲಿಗೆ ಒಯ್ದವನು ಇನ್ನೂ ಒಳಗೆ ತಂದಿಲ್ಲ, ಸೊಸೆ ಇಲ್ಲದ ಒಂದು ದಿನ ಬೆನ್ನಿಗೆ ನೀರು ಹಾಕಲು ಬಂದವನು ಅವಳು ತಿರುಗಿದಾಗ ಚೊಂಬನ್ನು ಅಲ್ಲೇ ಇಟ್ಟು ಹೊರಗೆ ನಡೆದ, ತನ್ನ ಮುಖದಲ್ಲಿ ಇದ್ದದ್ದು ಹೆದರಿಕೆ ಎಂದು ಅವನು ತಿಳಿದಿರಬಹುದು, ಹೇಸಿಗೆ ಎಂದರೆ ಏನು ಎಂದು ಅವಳಿಗೆ ಗೊತ್ತಿಲ್ಲವೇ.

ಬಚ್ಚ ಒಳಗೆ ಬಂದು ಬಾಗಿಲ ದಾರಂದ ಹಿಡಿದು ನಿಂತ, ಅವ್ರ್ ಹೊರಟ್ರ್ ಅಂಬ್ರ್, ರಿಕ್ಷದಗೆ ಬತ್ತ್ರ್, ನೀ ಒಂಚೂರ್ ಲಾಯ್ಕ್ ಸೀರೆ ಉಟ್ಕೊ, ಮತ್ತ್ ಅಳುಕಾಗ ಕಾಣ್, ಹೆದ್ರಿದವ್ರಿಗ್ ಧೈರ್ಯ ಹೇಳ್ಕ್. ಹೆದರಿದವರು ಯಾರು, ಕುಸುಮಾವತಿ, ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಇಷ್ಟು ವರ್ಷ ಯಾರಿಗೂ ಹೆದರದವಳು, ಅವಳಿಗೂ ಈಗ ರಕ್ತನಾಳ ಮುಚ್ಚಿಕೊಂಡಿದೆಯಂತೆ, ಬೇಗ ಎದೆ ಕೊಯ್ಯಬೇಕು ಎಂದಿದ್ದಾರಂತೆ, ಅವಳು ಒಪ್ಪುವುದಿಲ್ಲವಂತೆ, ಮಗ ಸುಜನ್ ನಿನ್ನೆ ಫೋನಿನಲ್ಲಿ ತಾಯಿಯನ್ನು ನೆನೆದು ಬಚ್ಚನ ಹತ್ತಿರ ಅತ್ತೇ ಬಿಟ್ಟನಂತೆ, ಅಬ್ಬಿ ಕೇಂತಿಲ್ಲ, ಜಲಜಕ್ಕ ಒಂದ್ ಮಾತ್ ಹೇಳ್ರೆ ಕೇಂತ್, ಕರ್ಕಂಡ್ ಬತ್ತೆ ಎಂದನಂತೆ. ಕುಸುಮಾವತಿ ತನ್ನ ಮಾತು ಕೇಳುವುದು, ಜಲಜನಿಗೆ ನಗು ಬರಬೇಕಿತ್ತು, ನಕ್ಕರೆ ಎದೆ ನೋಯುತ್ತದೆ. ಮಾರ್ಕೆಟಿನ ನಲ್ಲಿಯ ಪಕ್ಕದ ಕಂಬದ ಬುಡ, ಮೇಲೆ ತಗಡಿನ ನೆರಳು, ಕೈಗೆ ನೀರು, ಬಾಗಿಲಿನಿಂದ ಬಂದವರಿಗೆ ಮೊದಲು ಕಾಣುವ ಜಾಗ, ಜಲಜನ ಅತ್ತೆ ಕೂತ ಜಾಗ, ಆಮೇಲೆ ಜಲಜ ಕೂತ ಜಾಗ, ಅದರ ಮೇಲೆ ಕುಸುಮಾವತಿಯ ಕಣ್ಣು ಮೊದಲ ದಿನದಿಂದಲೂ ಇತ್ತು, ಒಮ್ಮೆ ಬುಟ್ಟಿಯನ್ನು ಬೇಕೆಂದೇ ಒತ್ತಿ ಇಟ್ಟಳೆಂದು ಜಲಜ ಮೀನು ತೊಳೆದ ನೀರನ್ನು ಅವಳ ಮಡಿಲಿಗೇ ಚೆಲ್ಲಿದ್ದಳು, ಇಬ್ಬರೂ ಜುಟ್ಟು ಹಿಡಿದುಕೊಂಡಿದ್ದರು, ಗಿರಾಕಿಗಳು ಸುತ್ತ ನಿಂತು ನೋಡಿದ್ದರು, ಅಂದಿನಿಂದ ಮಾತಿಲ್ಲ, ಮಾತಿಲ್ಲದೆ ಕೈಯಳತೆಯ ದೂರದಲ್ಲಿ ವರ್ಷಗಟ್ಟಲೆ ಕೂತು ಒಬ್ಬಳ ಬಂಗುಡೆಯನ್ನು ಇನ್ನೊಬ್ಬಳು ಗಿರಾಕಿಯ ಎದುರು ಹಳಸಲು ಎನ್ನುತ್ತ ಬದುಕಿದ್ದು. ಜಲಜನ ಕೈಯಿಂದ ಕತ್ತಿ ಜಾರಿದ ದಿನ ಓಡಿ ಬಂದು ತಲೆ ಎತ್ತಿ ಹಿಡಿದವಳು ಕುಸುಮಾವತಿಯೇ ಅಂತೆ, ನೀರು ಕುಡಿಸಿದಳಂತೆ, ರಿಕ್ಷಾ ಕರೆಸಿದಳಂತೆ, ಮರುದಿನ ಬೆಳಗ್ಗೆ ನಲ್ಲಿಯ ಪಕ್ಕದ ಕಂಬದ ಬುಡದಲ್ಲಿ ಅವಳೇ ಕೂತಿದ್ದಳಂತೆ. ಎರಡನ್ನೂ ಒಂದೇ ಕೈ ಮಾಡಿದ್ದು, ಆಸ್ಪತ್ರೆಯಲ್ಲಿ ಯಾರೋ ಇದನ್ನು ಹೇಳಿದಾಗ ಮೈಯೆಲ್ಲ ನಳಿಕೆ ಚುಚ್ಚಿಸಿಕೊಂಡು ಮಲಗಿದ್ದ ಜಲಜನಿಗೆ ಬಂದದ್ದು ಸಿಟ್ಟಲ್ಲ, ಸಿಟ್ಟಿಗೆ ಬೇಕಾದ ಶಕ್ತಿಯೂ ಇರಲಿಲ್ಲ, ಬಾಯಲ್ಲಿ ಆ ತುಕ್ಕಿನ ರುಚಿ ಮಾತ್ರ ಇನ್ನೊಂದು ಪದರ ದಪ್ಪವಾಯಿತು. ಈಗ ಬರುತ್ತಾಳೆ, ಬರಲಿ, ಸೀರೆ ಬದಲಿಸಲಿಲ್ಲ ಜಲಜ, ಗಂಜಿಯ ಬಟ್ಟಲನ್ನು ಮಂಚದ ಅಡಿಗೆ ನೂಕಿದಳು.

ರಿಕ್ಷಾ ಹೊಯಿಗೆ ಮರಳಿನಲ್ಲಿ ಹೂತು ನಿಂತ ಸದ್ದು, ಬನ್ನಿ ಬನ್ನಿ ಎನ್ನುವ ಬಚ್ಚ, ಆಮೇಲೆ ಕಾಲಿಗಿಂತ ಮೊದಲು ಒಳಗೆ ಬಂದದ್ದು ವಾಸನೆ, ಮಾರ್ಕೆಟಿನಿಂದ ನೇರ ಬಂದಿದ್ದಾಳೆ, ಕೈಕಾಲು ತೊಳೆದಿದ್ದಾಳೆ, ಆದರೆ ಸೀರೆಯ ನೆರಿಗೆಯಲ್ಲಿ ಕೂದಲಲ್ಲಿ ಉಗುರಿನ ಸಂದಿಯಲ್ಲಿ ಅದು ಇದ್ದೇ ಇದೆ, ಬೈಗೆ ಮೀನಿನ ಎಣ್ಣೆ ನಾತ, ಜಲಜ ಉಸಿರು ಹಿಡಿದಳು, ಎಷ್ಟು ಹೊತ್ತು ಹಿಡಿಯಲು ಬರುತ್ತದೆ, ಬಿಟ್ಟಾಗ ಇನ್ನೂ ಜೋರಾಗಿ ಒಳಗೆ ಹೋಯಿತು, ತನ್ನ ಮೈಯಿಂದಲೂ ಇದೇ ಬರುತ್ತಿತ್ತಲ್ಲ, ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಸೆರಗನ್ನು ಮೂಗಿಗೆ ಹಿಡಿದಾಗ ಎಂಥ ಬೈಗುಳ ಬೈದಿದ್ದಳು. ಕುಸುಮಾವತಿ ಕುರ್ಚಿ ಬೇಡವೆಂದು ನೆಲಕ್ಕೇ ಕೂತಳು, ಬೆನ್ನನ್ನು ಗೋಡೆಗೆ ಆನಿಸಿ, ಕಾಲು ಚಾಚಿ, ಮುಖ ಬೂದಿ ಬಣ್ಣಕ್ಕೆ ತಿರುಗಿದೆ, ಕೆನ್ನೆ ಒಳಗೆ ಹೋಗಿದೆ, ಸುಜನ್ ತಾಯಿಯ ಹಿಂದೆ ಎಕ್ಸ್‌ರೇ ಕವರನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಾನೆ, ಮೀಸೆ ಬಂದ ಗಂಡಸು, ಕಣ್ಣು ಮಾತ್ರ ಕೆಂಪು. ಬಚ್ಚ ಶುರು ಮಾಡಿದ, ಗರಗಸ, ಮಿಷನ್, ಕಾಲಿನ ನರ, ಎಲ್ಲಿಯೂ ತಪ್ಪಲಿಲ್ಲ, ನಮ್ ನೆರೆಕರೆ ಸೀತು ಮನೆ ಪೂಜೆಗೆ ನಡ್ಕಂಡೇ ಹೋಯಿ ಬಂತ್ ಎಂದ, ಸುಳ್ಳು, ಸುಧೀರನ ಗೆಳೆಯನ ರಿಕ್ಷದಲ್ಲಿ ಹೋಗಿ ಅರ್ಧದಲ್ಲಿ ಸುಸ್ತಾಗಿ ವಾಪಸು ಬಂದದ್ದು, ಆಮೇಲೆ ಅವಳ ಕಡೆ ತಿರುಗಿ, ಜಲಜಾ, ಕೈ ಮೇಲ್ ಎತ್ತ್ ಕಾಂಬೊ, ಅವ್ರ್ ಕಾಣ್ಲಿ. ಅವಳು ಎತ್ತಿದಳು, ಎರಡೂ ಕೈ, ತಲೆಯ ಮೇಲೆ, ಯಾಕೆ ಎತ್ತಿದಳೋ, ಎತ್ತು ಎಂದರೆ ಎತ್ತುವುದು ಅಭ್ಯಾಸವಾಗಿ ಹೋಗಿದೆ, ಉಸಿರು ಎಳೆ ಎಂದರೆ ಎಳೆಯುವುದು, ಬಾಯಿ ತೆರೆ ಎಂದರೆ ತೆರೆಯುವುದು, ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡಿದ ಹಾಗೆ, ಎದೆಯೊಳಗೆ ಕಟಕ್ ಎಂದಿತು, ಈಗ ಲಾಯ್ಕ್ ಇತ್ತಲ್ದಾ ಜಲಜಕ್ಕ ಎಂದ ಸುಜನ್, ಅವನ ದನಿಯಲ್ಲಿ ಬೇಡಿಕೆ ಇತ್ತು, ಲಾಯ್ಕಿದ್ದೆ ಮಗಾ ಎಂದಳು, ಅಷ್ಟೂ ಹೊತ್ತು ಕುಸುಮಾವತಿ ಅವಳ ಎತ್ತಿದ ಕೈಗಳನ್ನು ನೋಡಲೇ ಇಲ್ಲ, ಮುಖವನ್ನೇ ನೋಡುತ್ತಿದ್ದಳು, ಗಿರಾಕಿ ಸುಳ್ಳು ಹೇಳುವಾಗ ನೋಡುವ ಹಾಗೆ, ನಿನ್ನೆ ಇದಕ್ಕಿಂತ ಕಮ್ಮಿಗೆ ಒಯ್ದಿದ್ದೆ ಎಂದು ಗಿರಾಕಿ ಹೇಳುವಾಗ ನೋಡುವ ಹಾಗೆ. ಆಮೇಲೆ ಹೇಳಿದಳು, ಬಚ್ಚಣ್ಣ, ನೀವ್ ಸುಜನನ್ನ ಕರ್ಕಂಡ್ ಹೊರಗ್ ಕೂಕಣಿ, ಹೆಂಗ್ಸ್ರ್ ಮಾತ್ ಇತ್ತ್.

ಬಾಗಿಲು ಅಡ್ಡ ಆಯಿತು. ಹೊರಗೆ ಕಡಲಿನ ಸದ್ದು, ಒಳಗೆ ಫ್ಯಾನಿನ ಸದ್ದು, ನಡುವೆ ಕುಸುಮಾವತಿ, ಇಷ್ಟು ವರ್ಷಗಳ ಮೇಲೆ ನೇರ ಮುಖಕ್ಕೆ ಹೇಳಿದ ಮೊದಲ ಮಾತು, ಈಗ ನಿಜ ಹೇಳ್. ಎಂತ ನಿಜ ಎಂದಳು ಜಲಜ. ನೀ ಲಾಯ್ಕಿಲ್ಲ, ನಂಗ್ ಕಾಂತ್ ಇತ್ತ್, ಎಂತ ಆತ್ತ್ ಹೇಳ್, ಎಲ್ಲ ಹೇಳ್. ಹೇಳಬೇಕೇ ನಿನಗೆ, ಜಾಗ ತಿಂದವಳಿಗೆ, ಸರಿ, ಕೇಳು, ಜಲಜನ ಬಾಯಿ ತೆರೆದುಕೊಂಡಿತು, ಮಾರ್ಕೆಟಿನಲ್ಲಿ ತೆರೆದುಕೊಳ್ಳುತ್ತಿದ್ದ ಹಾಗೆ, ಎಷ್ಟು ಕಾಲವಾಗಿತ್ತು ಆ ಬಾಯಿ ತೆರೆಯದೆ, ಕಾಲಿನ ನೀರು ಹೇಳಿದಳು, ಕಾಲುಚೀಲದ ನಾತ ಹೇಳಿದಳು, ಕಫ, ಕಫದ ಬಟ್ಟಲು, ಮೂರು ದಿನವಾದರೂ ಹೊಟ್ಟೆ ಹೋಗದೆ ಕೊನೆಗೆ ಸೊಸೆ ಕೈಹಾಕಬೇಕಾಗಿ ಬಂದದ್ದು, ಅದನ್ನೂ ಹೇಳಿದಳು, ಸೊಸೆ ಬೆತ್ತಲೆ ಕೂರಿಸಿ ಮಗುವಿಗೆ ಮೀಯಿಸಿದ ಹಾಗೆ ಮೀಯಿಸುವುದು, ಮೊಲೆ ಜಗ್ಗುವುದು, ಹುಕ್ಕು ಉಜ್ಜುವುದು, ಬಲಮಗ್ಗುಲಿಗೆ ತಿರುಗಿದರೆ ತಂತಿ ಚುಚ್ಚುವುದು, ಹೆಣದ ಹಾಗೆ ಅಂಗಾತ ಮಲಗುವುದು, ಬಾಯಲ್ಲಿ ತುಕ್ಕು, ಕಣ್ಣಲ್ಲಿ ನೀರು, ಬುಟ್ಟಿ ಎತ್ತುಕಾಗ, ಕೊಡಪಾನ ಎತ್ತುಕಾಗ, ಬಾವಿಂದ ನೀರ್ ಸೇದುಕಾಗ, ಮೊಮ್ಮಗು ಬಂದ್ರೆ ಅದನ್ನೂ ಎತ್ತುಕಾಗ ಅಂಬ್ರ್, ಗಂಡ ಮುಟ್ಟುದಿಲ್ಲ, ಮುಟ್ಟುದ್ ಬಿಡ್, ಕಾಂಬುದೂ ಇಲ್ಲ, ಅವಂಗ್ ಹೇಸಿಗೆ. ನಂಗ್ ಗಂಡ ಇಲ್ಲ, ಅದೊಂದ್ ತಾಪತ್ರಯ ಇಲ್ಲ ಎಂದಳು ಕುಸುಮಾವತಿ, ನಗಲಿಲ್ಲ. ಜಲಜ ನಿಲ್ಲಿಸಲಿಲ್ಲ, ಕೊನೆಯದನ್ನೂ ಹೇಳಿದಳು, ಯಾರಿಗೂ ಹೇಳದ್ದನ್ನು, ಮೀನ್ ವಾಸ್ನಿ ಬಂದ್ರೆ ನಂಗ್ ಕಾರುಕೆ ಬತ್ತ್, ನೀ ಬಂದಾಗಿಂದ ಕಾರುಕೆ ಬತ್ತಾ ಇತ್ತ್, ತಡ್ಕಂಡ್ ಕೂಕಂಡಿದ್ದೆ. ಆಗ ಕುಸುಮಾವತಿಯ ಮುಖ ಬದಲಾಯಿತು, ಇಷ್ಟು ಹೊತ್ತು ಗಟ್ಟಿಯಾಗಿದ್ದದ್ದು ಒಳಗಿನಿಂದ ಕುಸಿದ ಹಾಗೆ, ಕೈಯನ್ನು ಸೆರಗಿನ ಒಳಗೆ ಅಡಗಿಸಿಕೊಂಡಳು, ಹೆದರಿದಳು, ನಿಜವಾಗಿ ಹೆದರಿದಳು, ಜಲಜನಿಗೆ ಕಂಡಿತು, ಮೈಯೊಳಗೆ ಏನೋ ಬೆಚ್ಚಗೆ ಹರಿಯಿತು, ಎಷ್ಟೋ ತಿಂಗಳ ಮೇಲೆ ಬಾಯಿಗೆ ಬಂದ ಮೊದಲ ರುಚಿ, ಹೆದರು, ಇನ್ನೂ ಹೆದರು — ಮರುಕ್ಷಣ ಆ ರುಚಿಯೇ ಹಳಸಿತು, ಇದನ್ನೇ ಸುಖ ಎನ್ನುವ ಮಟ್ಟಕ್ಕೆ ಬಂದೆಯಾ ಜಲಜಾ, ಎದೆ ಕೊಯ್ದು ಹೊಸ ನಾಳ ಜೋಡಿಸಿ ಮನೆಗೆ ಕಳಿಸಿದ್ದು ಇದಕ್ಕೇ ಏನು, ಸಾಯಲಿರುವವಳ ಮುಖ ನೋಡಿ ಬಾಯಿ ಚಪ್ಪರಿಸುವುದಕ್ಕೆ. ಹಾಂಗಾರೆ ನಂಗ್ ಬ್ಯಾಡ ಎಂದಳು ಕುಸುಮಾವತಿ, ಮೆಲ್ಲಗೆ, ತೀರ್ಮಾನ ಮಾಡಿದವಳ ದನಿಯಲ್ಲಿ, ಬುಟ್ಟಿ ಎತ್ತುಕಾಗ್ದೆ ಎಂತ ಬದ್ಕುದ್, ಸತ್ರೆ ಮಾರ್ಕೆಟಗೇ ಸಾಯ್ತೆ. ಹೇಳುವುದು ಮುಗಿದಿತ್ತು, ಜಲಜ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಕುಸುಮಾವತಿ ಎದ್ದಳು, ಎಂದರೆ ಏಳಲು ಹೋದಳು, ಅಂಗೈಯನ್ನು ಗೋಡೆಗೆ ಒತ್ತಿ, ಒಂದು ಮೊಣಕಾಲು ಎತ್ತಿ, ಅಲ್ಲಿಗೇ ನಿಂತಳು, ಬಾಯಿ ಸ್ವಲ್ಪ ತೆರೆದಿದೆ, ಮೇಲ್ತುಟಿಯ ಮೇಲೆ ಬೆವರಿನ ಹನಿ ಸಾಲಾಗಿ ಮೂಡಿತು, ಕಣ್ಣು ಎಲ್ಲಿಯೂ ನೋಡುತ್ತಿಲ್ಲ, ಒಳಗೇ ಕೇಳಿಸಿಕೊಳ್ಳುತ್ತಿದೆ, ಜಲಜನಿಗೆ ಅದು ಗೊತ್ತು, ಮೈಗೆ ಗೊತ್ತು, ಎದೆಯ ಮೇಲೆ ಅಕ್ಕಿಮುಡಿ ತಂದು ಇಟ್ಟ ಹಾಗೆ, ಇಟ್ಟವನು ಅದರ ಮೇಲೆ ತಾನೂ ಹತ್ತಿ ಕೂತ ಹಾಗೆ, ಎಡಗೈ ಯಾರದೋ ಆದ ಹಾಗೆ, ತಾನೂ ಹಿಂದೆ ಬಸ್‌ಸ್ಟ್ಯಾಂಡಿನಿಂದ ಮಾರ್ಕೆಟಿನವರೆಗೆ ಮೂರು ಸಲ ನಿಂತು ಅಂಗಡಿಯ ಸೀರೆ ನೋಡಿದ ಹಾಗೆ ನಟಿಸಿದ್ದು, ಯಾರಿಗೂ ಹೇಳದೆ ವಾಯು ಎಂದು ಓಮದ ನೀರು ಕುಡಿದದ್ದು, ಎಷ್ಟು ದಿನ, ಪ್ರತಿ ದಿನ ಇವತ್ತೇ ಎಂದು ಎಣಿಸುತ್ತ. ಕೂಕೊ, ಏಳ್ಬೇಡ, ಕೂಕೊ ಎಂದಳು, ರಟ್ಟೆ ಹಿಡಿದು ಕೂರಿಸುವ ಶಕ್ತಿ ತನಗಿಲ್ಲ, ಹೆಗಲಿಗೆ ಕೈ ಇಟ್ಟಳಷ್ಟೆ, ನಾಲಗೆಯ ಅಡಿಗೆ ಇಡುವ ಸಣ್ಣ ಮಾತ್ರೆ ಕುಸುಮಾವತಿಯ ಸೊಂಟದ ಚೀಲದಲ್ಲೇ ಇತ್ತು, ತೆಗೆದು ಇಟ್ಟುಕೊಂಡಳು, ಇಬ್ಬರೂ ಕಾದರು, ಕಾಯುತ್ತ ಕೂತಾಗ ಜಲಜನಿಗೆ ಹೊಳೆದದ್ದು, ಹೊಳೆದದ್ದಲ್ಲ, ಗೊತ್ತಿದ್ದದ್ದೇ, ಊರೆಲ್ಲ ತನ್ನ ಪರವಾಗಿ ಲಾಯ್ಕಿತ್ತು ಲಾಯ್ಕಿತ್ತು ಎನ್ನುತ್ತಿದ್ದುದರಿಂದ ತಾನು ಬಾಯಿಬಿಟ್ಟು ಒಮ್ಮೆಯೂ ಹೇಳದೆ ಇಟ್ಟುಕೊಂಡದ್ದು. ಅದ್ ಮಾತ್ರ ಇಲ್ಲ ಈಗ ಎಂದಳು. ಎಂತದ್ ಎಂದಳು ಕುಸುಮಾವತಿ, ಮಾತ್ರೆ ನಾಲಗೆಯಡಿ ಇದ್ದುದರಿಂದ ತೊದಲಿ. ಈಗ ನಿಂಗ್ ಬಂತಲ್ಲ, ಅದ್, ಒಂದ್ ಸಲವೂ ಬರ್ಲಿಲ್ಲ, ಬಾಕಿದ್ದೆಲ್ಲ ಹೇಸಿಗೆಯೇ, ನಾ ಸುಳ್ಳ್ ಹೇಳುದಿಲ್ಲ, ಅದೊಂದ್ ಇಲ್ಲ. ಕುಸುಮಾವತಿ ಅವಳನ್ನು ನೋಡಿದಳು, ಈ ಸಲ ತೂಗಿ ನೋಡುವ ಹಾಗೆ, ಆಮೇಲೆ ಹೇಳಿದಳು, ಕಾಣ್ಸ್. ಜಲಜ ಸೆರಗು ಸರಿಸಿದಳು, ಎದೆ ಪೂರ್ತಿ ತೆರೆದಳು, ಮುಖ ಗೋಡೆಗೆ ತಿರುಗಿಸಿಕೊಂಡಳು, ಕಾಣಲಿ, ಕಂಡು ಅವಳೂ ಮುಖ ಸಿಂಡರಿಸಲಿ, ಕಾಯುತ್ತ ಕೂತಳು, ಬಂದದ್ದು ಬೆರಳು. ತಣ್ಣಗೆ, ಒರಟು, ಮೀನಿನ ಮುಳ್ಳು ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಬೆರಳು, ಕುತ್ತಿಗೆಯ ಗುಳಿಯಿಂದ ಶುರುವಾಗಿ ಗೆರೆಯ ಮೇಲೇ ಕೆಳಗೆ ಇಳಿಯಿತು, ಗಂಟು ಬಂದಲ್ಲಿ ನಿಂತು ಒತ್ತಿ ನೋಡಿತು, ಮೀನು ಕೊಳ್ಳುವಾಗ ಕಿವಿರಿನ ಹತ್ತಿರ ಒತ್ತಿ ನೋಡುವ ಹಾಗೆ, ನಾತ ಈಗ ಮೂಗಿನ ಕೆಳಗೇ ಇತ್ತು, ತಳ್ಳಬೇಕು ಎಂದು ಕೈ ಎತ್ತಿದ್ದಳು, ಎತ್ತಿದ ಕೈ ಹಾಗೇ ನಿಂತಿತು, ಆಸ್ಪತ್ರೆಯ ಕೈಗವಸುಗಳ ನಂತರ ಇಲ್ಲಿ ಬರಿಗೈ ಇಟ್ಟವರು ಯಾರೂ ಇಲ್ಲ, ಸೊಸೆ ಕೂಡ ಬಟ್ಟೆ ಹಿಡಿದು ಒರೆಸುವುದು. ಕೆಟ್ಟದ್ ಹೊಲಿದಿರ್, ಬಲೆ ಹೊಲಿಯೋರೂ ಇದಕ್ಕಿಂತ ಲಾಯ್ಕ್ ಹೊಲಿತ್ರ್ ಎಂದಳು ಕುಸುಮಾವತಿ, ಬೆರಳು ತೆಗೆದು ಸೀರೆಗೆ ಒರೆಸಿಕೊಂಡಳು. ಆಮೇಲೆ, ಅದೇ ದನಿಯಲ್ಲಿ, ನಾ ಆಸ್ಪತ್ರೆಯಗೆ ಇಪ್ಪಷ್ಟ್ ದಿನ ಆ ಕಂಬದ್ ಬುಡಕ್ಕೆ ನೀ ಬಂದ್ ಕೂಕಣ್ಕ್, ಇಲ್ದಿರೆ ಮೂಲೆಯಗೆ ಮೀನ್ ಮಾರು ಪದ್ದು ಬಂದ್ ಕೂಕಂತ್, ಅದ್ ಕೂಕಂಡ್ರೆ ಮತ್ತ್ ನಿಂಗೂ ಇಲ್ಲ ನಂಗೂ ಇಲ್ಲ, ನೀ ಕೂಕಂಬುದಾರೆ ನಾ ಕೊಯ್ಸ್ಕಂತೆ. ಜಲಜ ಅವಳ ಮುಖವನ್ನೇ ನೋಡಿದಳು, ತನ್ನದೇ ಜಾಗವನ್ನು ತನಗೇ ಕಾವಲಿಗೆ ಕೊಡುತ್ತಿದ್ದಾಳೆ ಹೆಂಗಸು, ಹೇಳ್ಲಿಲ್ವಾ ನಿಂಗೆ, ಮೀನ್ ವಾಸ್ನಿಗ್ ನಂಗ್ ಕಾರುಕೆ ಬತ್ತ್ ಎಂದಳು. ಬಂದ್ರೆ ಕಾರ್, ಪಕ್ಕದಗೇ ನಲ್ಲಿ ಇತ್ತಲ್ದಾ ಎಂದಳು ಕುಸುಮಾವತಿ.

ಕುಸುಮಾವತಿ ಉತ್ತರಕ್ಕೆ ಕಾದರೆ ತಾನೇ, ಗೋಡೆ ಹಿಡಿದು ಎದ್ದಳು, ಈ ಸಲ ಎದ್ದಳು, ಬಾಗಿಲು ತೆರೆದು ಹೊರಗೆ ಹೋದಳು, ಜಗಲಿಯಿಂದ ದನಿ ಕೇಳಿಸುತ್ತದೆ, ಸುಜನಾ, ಡಾಕ್ಟ್ರಿಗ್ ಫೋನ್ ಮಾಡ್, ಸೋಮವಾರ ಬತ್ತೆ ಅಂತ ಹೇಳ್, ಮಗನ ಬಾಯಿಂದ ಅಳುವೋ ನಗುವೋ ಏನೋ ಬರುತ್ತದೆ, ನಾ ಹೇಳ್ಲಿಲ್ವಾ, ನಮ್ ಜಲಜ ಹೇಳ್ರೆ ಯಾರ್ ಬೇಕಾರೂ ಕೇಂತ್ರ್ ಎನ್ನುತ್ತಾನೆ ಬಚ್ಚ, ಈ ಕಥೆಯನ್ನೂ ಇನ್ನು ಮೇಲೆ ಸೇರಿಸಿಕೊಳ್ಳುತ್ತಾನೆ, ರಿಕ್ಷಾ ಹೊಯಿಗೆಯಿಂದ ಏಳಲಾರದೆ ಗುರುಗುಡುತ್ತದೆ, ತಳ್ಳುತ್ತಾರೆ, ಹೋಗುತ್ತದೆ, ಸೋಮವಾರ, ಸ್ವಾಮೀ, ಸೋಮವಾರ ಎಂದರೆ ಹತ್ತಿರವೇ, ಟೆಂಪೋ ಹತ್ತಬೇಕು, ಬುಟ್ಟಿ ಯಾರು ಹೊರುತ್ತಾರೆ, ಸೊಸೆ ಹೊರಲಿ, ಸೊಸೆಗೆ ಫ್ಯಾಕ್ಟರಿ, ಬುಟ್ಟಿ ಇಲ್ಲದೆ ಸುಮ್ಮನೆ ಕೂರುವುದೇ, ಸುಮ್ಮನೆ ಕೂತವರಿಗೆ ಜಾಗ ಯಾರು ಬಿಡುತ್ತಾರೆ, ಕಾಲು ಬಾಗಿಸಿ ಕೂರಲು ಬರುತ್ತದೆಯೇ, ಕತ್ತಿ ಎಲ್ಲಿದೆಯೋ, ನೊಣ, ಕೊಚ್ಚೆ, ನಾತ, ಆ ನಾತದ ನಡುವೆ ಹೊತ್ತೇರುವವರೆಗೆ, ಇಲ್ಲ, ಆಗುವುದಿಲ್ಲ, ಹೋಗಿ ಹೇಳಬೇಕು ಆಗುವುದಿಲ್ಲ ಎಂದು, ರಿಕ್ಷಾ ಹೋಗಿಯಾಯಿತು, ಮೊದಲು ಮೀಯಬೇಕು, ಅವಳ ಬೆರಳು ಮುಟ್ಟಿದ್ದನ್ನು ಸೋಪು ಹಾಕಿ ಉಜ್ಜಬೇಕು ಎಂದು ಸೆರಗು ಎಳೆದುಕೊಳ್ಳಲು ತಲೆ ಬಗ್ಗಿಸಿದಳು, ಆಗ ಕಂಡಿತು, ಎದೆಯ ಗೆರೆಯ ಮೇಲೆ, ನಡುವಿನ ದೊಡ್ಡ ಗಂಟಿಗಿಂತ ಸ್ವಲ್ಪ ಕೆಳಗೆ, ಬೈಗೆ ಮೀನಿನ ಒಂದು ಹುರುಪೆ, ಕುಸುಮಾವತಿಯ ಬೆರಳಿನಿಂದ ಅಂಟಿದ್ದು, ಕಿರುಬೆರಳಿನ ಉಗುರಿನಷ್ಟೂ ಇಲ್ಲ, ತೆಳು, ಬೆಳ್ಳಿ ಬಣ್ಣ, ಥೂ ಎಂದಿತು ಬಾಯಿ, ಕೈ ಎದ್ದಿತು, ಉಗುರಿನಿಂದ ಕೆರೆದು ತೆಗೆಯಬೇಕು, ನಾಳೆ ಸೊಸೆ ನೋಡಿದರೆ ಏನೆಂದುಕೊಂಡಾಳು, ಉಗುರು ಹತ್ತಿರ ಬಂತು, ಹುರುಪೆ ಮೇಲೆ ಎದ್ದಿತು, ಕೆಳಗೆ ಇಳಿಯಿತು, ಉಸಿರಿಗೆ, ಉಸಿರಿಗಲ್ಲ, ಉಸಿರು ಹಿಡಿದು ನೋಡಿದಳು, ಆಗಲೂ ಒಂದು ಸಣ್ಣ ನಡುಕ, ಒಳಗಿನಿಂದ ಯಾರೋ ಬೆರಳಿನಿಂದ ತಟ್ಟಿದ ಹಾಗೆ, ಹುರುಪೆ ಎದ್ದಿತು, ಬಾಗಿಲಿನ ಬೆಳಕು ಅದರ ಮೇಲೆ ಬಿತ್ತು, ಹೊಳೆಯಿತು, ಇಳಿಯಿತು, ಆರಿತು, ಸೋಮವಾರ, ಹೇಸಿಗೆ, ತೆಗೆಯಬೇಕು, ಹೊಳೆಯಿತು, ತೆಗೆಯಬೇಕು, ಉಗುರು ಅಲ್ಲೇ ನಿಂತಿದೆ, ಹುರುಪೆ, ಎದ್ದಿತು, ಹೊಳೆಯಿತು, ಇಳಿಯಿತು, ಮತ್ತೆ ಎದ್ದಿತು, ಹುರುಪೆ